ಶಿರಾ ದಾಟಿದ ನಲವತ್ತೈದು ಕಿಲೋಮೀಟರು

ಇನ್ನು ಇಪ್ಪತ್ತು ವರ್ಷ ಮುಂದಿನ ಮಾತು ಇದು. ಆಗಲೂ ಹಿರಿಯೂರಿನ ಬಿಸಿಲು ಹೀಗೇ ಇತ್ತು, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹೀಗೇ ತಿರುಗುತ್ತಿದ್ದವು. ಹೊಸ ಕರೆಂಟಿನ ಕಾರು ಕೊಂಡವರನ್ನು ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆಯೂ ಬದಲಾಗಿರಲಿಲ್ಲ: ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ? ಕಂಪನಿಯವರು ಒಂದು ಹೇಳುತ್ತಾರೆ, ಹೆದ್ದಾರಿ ಇನ್ನೊಂದು ಹೇಳುತ್ತದೆ. ಈ ಎರಡರಲ್ಲಿ ಹೆದ್ದಾರಿಯ ಮಾತನ್ನು ಕೇಳಿಕೊಂಡು ಬರುವುದು ತೇಜಾವತಿಯ ಕೆಲಸವಾಗಿತ್ತು.

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಗಿನ ಐದೂವರೆಗೆ ಅವಳು ಹಿರಿಯೂರಿನ ಪರೀಕ್ಷಾ ಕೇಂದ್ರದಿಂದ 'ಶರಭ' ಎಂಬ ಕಾರನ್ನು ಹೊರಡಿಸುತ್ತಿದ್ದಳು. ಶರಭ ಅಂದರೆ ಸಾಮಾನ್ಯ ಗಾಡಿಯಲ್ಲ. ಒಳಗೆ ಕೂತರೆ ಮದುವೆ ಮನೆಯ ಸೋಫಾ, ಹೊರಗೆ ನಿಂತರೆ ಸಣ್ಣ ಮನೆಯಷ್ಟು ಎತ್ತರ. ಅದನ್ನು ಗಂಟೆಗೆ ಎಂಬತ್ತರ ವೇಗದಲ್ಲಿ, ಏಸಿ ಹಾಕಿಕೊಂಡು, ಹುಬ್ಬಳ್ಳಿಯ ತನಕ ಓಡಿಸಬೇಕು, ತಿರುಗಿಸಿಕೊಂಡು ಹಿರಿಯೂರಿಗೆ ಬರಬೇಕು, ಅಲ್ಲಿಂದ ತುಮಕೂರಿನ ಕಡೆ ಹೋಗುತ್ತಲೇ ಇರಬೇಕು. ಎಲ್ಲಿಯ ತನಕ? ಚಾರ್ಜೆಲ್ಲ ಮುಗಿದು ಕಾರು ತಾನಾಗಿ ನಿಲ್ಲುವ ತನಕ. ನಿಂತ ಜಾಗವೇ ಉತ್ತರ. ಆಮೇಲೆ ರಸ್ತೆ ಬದಿಯಲ್ಲಿ ಕೂತು, ಕಾರನ್ನು ಎಳೆದೊಯ್ಯುವ ಗಾಡಿಗೆ ಕಾಯಬೇಕು. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳ ಅವ್ವ ಗಂಗಮ್ಮ, "ಗಾಡಿ ನಿಂತು ಹೋಗೋ ತನಕ ಓಡಿಸ್ತಾಳೆ" ಎನ್ನುತ್ತಿದ್ದಳು. ಕೇಳಿದವರು ಅಯ್ಯೋ ಪಾಪ ಎಂದು ಮಾತು ಬದಲಿಸುತ್ತಿದ್ದರು.

ಆದರೆ ಆ ಕೆಲಸದಲ್ಲಿ ತೇಜಾವತಿಯನ್ನು ಮೀರಿಸಿದವರು ಇರಲಿಲ್ಲ. ಉಳಿದ ಚಾಲಕರು ಓಡಿಸಿದರೆ ಶರಭ ಐನೂರ ನಲವತ್ತಮೂರು ಕಿಲೋಮೀಟರಿಗೆ, ಶಿರಾ ಮುಟ್ಟುವ ಮೊದಲೇ, ಉಸ್ಸೆಂದು ನಿಲ್ಲುತ್ತಿತ್ತು. ಇವಳು ಓಡಿಸಿದರೆ ಐನೂರ ತೊಂಬತ್ತಾರು! ಅದೇ ಕಾರು, ಅದೇ ರಸ್ತೆ, ಅದೇ ವೇಗ. ಕೇಂದ್ರದವರು ಇದಕ್ಕೆ 'ಹಗುರ ಕಾಲು' ಎಂದು ಹೆಸರಿಟ್ಟರು. ಹಗುರ ಕಾಲು ಒಬ್ಬಳಿಗೇ ಯಾಕಿರಬೇಕು, ಎಲ್ಲರಿಗೂ ಹಂಚಿದರೆ ಹೇಗೆ ಎಂದು ಒಬ್ಬ ಜಾಣನಿಗೆ ಹೊಳೆದದ್ದೇ ತಡ, 'ಪಾದಲಿಪಿ' ಹುಟ್ಟಿತು.

ಪಾದಲಿಪಿ ಎಂದರೆ ಕಾಲಿನ ನಕಲು. ತೇಜಾವತಿಯ ಬಲಗಾಲಿನ ಕೆಳಗೆ ಕೂದಲೆಳೆಯಂಥ ಸೂಕ್ಷ್ಮ ತಂತಿಗಳ ಒಂದು ಹಾಳೆ. ಕಾಲು ಎಷ್ಟು ಒತ್ತಿತು, ಯಾವಾಗ ಎತ್ತಿತು, ಏರಿನಲ್ಲಿ ಏನು ಮಾಡಿತು, ಇಳಿಜಾರಿನಲ್ಲಿ ಏನು ಮಾಡಿತು, ಎಲ್ಲವನ್ನೂ ಅದು ಬರೆದುಕೊಳ್ಳುತ್ತಿತ್ತು. ಅದನ್ನು ಕಲಿತ ಯಂತ್ರ ಯಾವ ಶರಭವನ್ನಾದರೂ ಅವಳಂತೆಯೇ ಓಡಿಸುತ್ತದೆ. ಅವಳ ಕಾಲಿನಲ್ಲಿ ಎಂಜಿನಿಯರುಗಳು ಬಾಯಿ ಬಿಟ್ಟು ನೋಡಿದ್ದು ಒಂದು ಸಂಗತಿ: ರಸ್ತೆ ಕಿತ್ತುಹೋದ ಜಾಗ ಬರುವ ಮೊದಲೇ, ಅದು ಕಣ್ಣಿಗೆ ಬೀಳುವುದಕ್ಕೂ ಮೊದಲೇ, ಆ ಕಾಲು ಮೆಲ್ಲಗೆ ಮೇಲೇಳುತ್ತಿತ್ತು. ಬ್ರೇಕ್ ಹಾಕುವ ಪ್ರಮೇಯವೇ ಬರುತ್ತಿರಲಿಲ್ಲ. ಇದು ಹೇಗೆ ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಅಭ್ಯಾಸ, ಎನ್ನುತ್ತಿದ್ದಳು.

ಬರುವ ತಿಂಗಳ ಒಂದನೇ ತಾರೀಖು ಹನ್ನೊಂದು ಸಾವಿರ ಶರಭಗಳಿಗೆ ಪಾದಲಿಪಿ ಇಳಿಯುವುದಿತ್ತು. ಕಾರಿನ ಬಾಗಿಲಿನ ಮೇಲೆ ಅಂಟಿಸುವ ಚೀಟಿಯಲ್ಲಿ ೫೯೬ ಎಂದು ಅಚ್ಚಾಗುವುದಿತ್ತು. ಆ ಕಾಲದಲ್ಲಿ ಎಲ್ಲಿ ನಿಂತು ಚಾರ್ಜ್ ಮಾಡಬೇಕೆಂದು ಜನ ಯೋಚಿಸುತ್ತಿರಲಿಲ್ಲ, ಕಾರೇ ಆ ಅಂಕಿಯನ್ನು ನಂಬಿ ತೀರ್ಮಾನಿಸುತ್ತಿತ್ತು. ಐನೂರ ತೊಂಬತ್ತಾರು ಎಂದು ಬರೆದಿದ್ದರೆ ಅದು ನಡುವಿನ ಚಾರ್ಜಿಂಗ್ ಜಾಗಗಳತ್ತ ತಿರುಗಿಯೂ ನೋಡದೆ ಹೋಗುತ್ತಿತ್ತು.

ತೇಜಾವತಿಗೆ ಒಳಗೊಳಗೇ ಹೆಮ್ಮೆ. ಮುಚ್ಚಿಡುವುದೇಕೆ, ಹೊರಗೂ ಸ್ವಲ್ಪ ಇತ್ತು. ಆ ಕಾಲು ತನಗೆ ಬಂದದ್ದು ಅಪ್ಪನಿಂದ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು. ಅವಳ ಅಪ್ಪ ಓಬಳೇಶಪ್ಪ ಮೂವತ್ತೆಂಟು ವರ್ಷ ಈರುಳ್ಳಿ ಲಾರಿ ಓಡಿಸಿದವನು. ಬೇಸಿಗೆ ರಜೆಯಲ್ಲಿ ಅವಳನ್ನು ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದ. ಆ ಲಾರಿಯವರಲ್ಲಿ ಒಂದು ಪದ್ಧತಿ ಇತ್ತು: ಹೊಸಬನ ಕೈಗೆ ಸ್ಟೇರಿಂಗ್ ಕೊಟ್ಟಾಗ ಮೊದಮೊದಲ ಟ್ರಿಪ್ಪುಗಳಲ್ಲಿ ಹಳಬನೊಬ್ಬ ತನ್ನ ಲಾರಿಯಲ್ಲಿ ಅವನ ಮುಂದೆ ಹೋಗಬೇಕು. ಹೊಸಬ ಹಳಬನ ಹಿಂದಿನ ದೀಪ ನೋಡಿಕೊಂಡು ಬರಬೇಕು. ಎಷ್ಟೋ ಹೊಸಬರ ಮುಂದೆ ಓಬಳೇಶಪ್ಪ ಹೀಗೆ ಹೋಗಿದ್ದ. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದ ಮೇಲೆ, ಇನ್ನು ಸ್ಟೇರಿಂಗ್ ಹಿಡಿಯುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟ. ಡಾಕ್ಟರು ಓಡಿಸಬಹುದು ಎಂದರೂ ಮಗಳು ಒಪ್ಪಿರಲಿಲ್ಲ. ಈಗ ವಾರಕ್ಕೆರಡು ದಿನ ಈರುಳ್ಳಿ ಶೈತ್ಯಾಗಾರದಲ್ಲಿ ಗೇಟಿನ ಚೀಟಿ ಬರೆಯುವ ಕೆಲಸ ಎಂದು ಹೇಳಿ ಹೋಗಿ ಬರುತ್ತಿದ್ದ.

ಪಾದಲಿಪಿಯ ಸುದ್ದಿಯನ್ನು ಅವಳು ಊಟಕ್ಕೆ ಕೂತಾಗ ಹೇಳಿದಳು. ಹನ್ನೊಂದು ಸಾವಿರ ಕಾರು ಎಂದಾಗ ಅವ್ವ ಕೈ ತಟ್ಟಿದಳು. ಅಪ್ಪ ಮಾತ್ರ ಅವಳ ಕಾಲು ಒಳ್ಳೆಯದೇ ಎಂದು ಗೊಣಗಿ, ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ. ಮುದ್ದೆ ಬಿಟ್ಟು ಎದ್ದವನಲ್ಲ ಅವನು. ಸಂತೋಷಕ್ಕೆ ಹಸಿವೇ ಹೋಗಿರಬೇಕು ಎಂದುಕೊಂಡಳು ತೇಜಾವತಿ.

ಕೇಂದ್ರದ ನಿಯಂತ್ರಣ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದವಳು ಬಿಲ್ಕೀಸ್. ಹರಿಹರದವಳು, ತೇಜಾವತಿಯ ವಾರಿಗೆಯವಳು, ಅಂಕಿಗಳ ಮೇಲೆ ಪ್ರೀತಿ, ಮನುಷ್ಯರ ಮೇಲೆ ಅನುಮಾನ. ಚೀಟಿ ಅಚ್ಚಾಗುವ ಮೊದಲು ಕೊನೆಯದೊಂದು ಪರೀಕ್ಷೆ ಬೇಕೆಂದು ಅವಳು ಹಟ ಹಿಡಿದಳು. ಪಾದಲಿಪಿ ತುಂಬಿದ ಕಾರು ತೇಜಾವತಿ ಇಲ್ಲದೆ, ಬೇರೆ ದಿನಗಳಲ್ಲಿ, ತಾನೇ ಓಡಿ ಬರಬೇಕು. ಬುಧವಾರ ಓಡಿತು, ಗುರುವಾರ ಓಡಿತು, ಶನಿವಾರ ಓಡಿತು. ಐನೂರ ಐವತ್ತೊಂದು, ಐನೂರ ಐವತ್ತು, ಐನೂರ ಐವತ್ತೆರಡು. ಮೂರು ಸಲವೂ ಶಿರಾದ ಹತ್ತಿರವೇ ನಿಂತಿತು.

ಸೋಮವಾರ ಬಿಲ್ಕೀಸ್ ಅವಳನ್ನು ಕರೆಸಿದಳು. ಕಾಲಿನ ನಕಲಿನಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿಲ್ಲ, ಆದರೂ ನಲವತ್ತೈದು ಕಿಲೋಮೀಟರು ಎಲ್ಲಿ ಹೋಯಿತು? ಕಾರಿನ ಕಲಿಯುವ ಯಂತ್ರ ಪ್ರತಿ ಓಟದಲ್ಲೂ ಯಾವ ಕಾರಣಕ್ಕೆ ಎಷ್ಟು ದೂರ ಹೆಚ್ಚಾಯಿತು, ಎಷ್ಟು ಕಡಿಮೆಯಾಯಿತು ಎಂದು ಪಟ್ಟಿ ಮಾಡುತ್ತಿತ್ತು. ಗಾಳಿ, ಏರು, ಸೆಖೆ, ಟೈರು. ತೇಜಾವತಿಯ ಓಟಗಳಲ್ಲಿ ಮಾತ್ರ ಕೊನೆಗೊಂದು ಸಾಲು: 'ಹೆಸರಿಲ್ಲದ ಕಾರಣ'. ಅದು ಹಿರಿಯೂರಿನಲ್ಲಿ ಶುರುವಾಗಿ ಹುಬ್ಬಳ್ಳಿಯಲ್ಲಿ ಮುಗಿಯುತ್ತಿತ್ತು. ವಾಪಸು ಬರುವಾಗ ಇಲ್ಲ.

"ಕಾರಿಗೆ ನೀನಂದ್ರೆ ಪ್ರೀತಿ ಇರ್ಬೇಕು ಕಣೇ," ಎಂದು ನಕ್ಕಳು ಬಿಲ್ಕೀಸ್. ಆದರೆ ಅವಳ ಕೈ ನಿಲ್ಲಲಿಲ್ಲ. ಕಾರಿನ ಮೂತಿಯ ಮೇಲೆ ಗಾಳಿಯ ಒತ್ತಡ ಅಳೆಯುವ ಸಣ್ಣ ಮಾಪಕಗಳಿದ್ದವು. ಆ ಲೆಕ್ಕ ತೆಗೆದಳು. ಎಂಬತ್ತರ ವೇಗದಲ್ಲಿ ಓಡುವ ಇಂಥ ಗಾಡಿಯ ಶಕ್ತಿಯಲ್ಲಿ ಸುಮಾರು ಅರ್ಧ ಬರೀ ಗಾಳಿಯನ್ನು ಪಕ್ಕಕ್ಕೆ ಸರಿಸುವುದಕ್ಕೇ ಹೋಗುತ್ತದೆ. ಅದರಲ್ಲೂ ಮುಂಗಾರಿನ ತಿಂಗಳುಗಳಲ್ಲಿ ಹುಬ್ಬಳ್ಳಿಯ ಕಡೆ ಹೋಗುವವರಿಗೆ ಗಾಳಿ ಎದುರಿಗೇ. ತೇಜಾವತಿಯ ಓಟಗಳಲ್ಲಿ ಆ ಒತ್ತಡ ಕಾಲು ಭಾಗ ಕಡಿಮೆ ಇತ್ತು. ಅಂದರೆ ಅವಳ ಮುಂದೆ ಏನೋ ಒಂದು ದೊಡ್ಡದು ಗಾಳಿಯನ್ನು ತನ್ನ ಎದೆಗೆ ತೆಗೆದುಕೊಂಡು ಹೋಗುತ್ತಿತ್ತು.

ಕ್ಯಾಮರಾದ ಚಿತ್ರಗಳನ್ನು ಹಾಕಿದರು. ಮುಂದೆ ಮೂವತ್ತು ಮೀಟರಿನಲ್ಲಿ ಒಂದು ಬೂದು ಬಣ್ಣದ ಲಾರಿ. ಅದರಲ್ಲೇನು ವಿಶೇಷ? ಹೆದ್ದಾರಿಯ ಲಾರಿಗಳೆಲ್ಲ ಬೂದು, ಎಲ್ಲವೂ ಎಂಬತ್ತರಲ್ಲೇ ಓಡುತ್ತವೆ. ಕಾನೂನಿನ ಪ್ರಕಾರ ನಂಬರ್ ಪ್ಲೇಟುಗಳನ್ನು ಕ್ಯಾಮರಾ ಅಳಿಸಿಬಿಡುತ್ತಿತ್ತು. ಹಾಗಾಗಿ ಯಂತ್ರಕ್ಕೆ ಪ್ರತಿ ಸಲವೂ ಅದು 'ಒಂದು ಲಾರಿ' ಅಷ್ಟೆ. ತೇಜಾವತಿಗೂ ಅಷ್ಟೆ. ಮುಂದಿನ ಗಾಡಿ ಎಂಬತ್ತರಲ್ಲಿ ಹೋಗುತ್ತಿದ್ದರೆ ಅದನ್ನು ದಾಟಬಾರದೆಂದು ನಿಯಮ, ಅವಳು ದಾಟುತ್ತಿರಲಿಲ್ಲ. ಆದರೆ ಒಂದರ ಪಕ್ಕ ಒಂದು ಇಪ್ಪತ್ತು ಓಟ ಹಾಕಿ ನೋಡಿದಾಗ ಇಪ್ಪತ್ತರಲ್ಲೂ ಲಾರಿ ಇತ್ತು. ದಾವಣಗೆರೆಯ ಹತ್ತಿರ ಅವಳು ಕಾಲು ಗಂಟೆ ನಿಂತರೆ ಅದೂ ದೂರದಲ್ಲಿ ಅಂಚಿಗೆ ನಿಂತು ಕಾಯುತ್ತಿತ್ತು.

"ಯಾವನೋ ನಿನ್ನ ಹಿಂದೆ ಬಿದ್ದಿದಾನೆ ಕಣೇ," ಎಂದಳು ಬಿಲ್ಕೀಸ್. "ಅಲ್ಲ, ಮುಂದೆ ಬಿದ್ದಿದಾನೆ."

ತೇಜಾವತಿ ನಗಲಿಲ್ಲ. ಪರದೆಯ ಮೇಲೆ ಲಾರಿಯ ಎಡಗಡೆ ಇಂಡಿಕೇಟರು ಎರಡು ಸಲ ಮಿನುಗಿ ಆರಿತು. ಲಾರಿ ಎಡಕ್ಕೆ ತಿರುಗಲಿಲ್ಲ, ನೇರ ಹೋಯಿತು. ಎರಡು ಕ್ಷಣದ ನಂತರ ಕಿತ್ತುಹೋದ ರಸ್ತೆ ಬಂತು. ಮುಂದೆ ಒಂದು ಸೇತುವೆ, ಮತ್ತೆ ಎರಡು ಮಿನುಗು, ಮತ್ತೆ ಗುಂಡಿ. ಚಿತ್ರದ ಕೆಳಗೆ ಪಾದಲಿಪಿ ಬರೆದ ಗೆರೆಯಲ್ಲಿ ಅವಳ ಕಾಲು ಪ್ರತಿ ಮಿನುಗಿಗೂ ಮೇಲೇಳುತ್ತಿತ್ತು. ಇಷ್ಟು ದೊಡ್ಡ ಎಂಜಿನಿಯರುಗಳು ಬಾಯಿ ಬಿಟ್ಟು ನೋಡಿದ ವಿದ್ಯೆ ಇದು!

ಏಳು ವರ್ಷದ ಹುಡುಗಿಯಾಗಿ ಕ್ಯಾಬಿನ್ನಿನಲ್ಲಿ ಕೂತು ಅವಳು ಕೇಳಿದ್ದಳು, ತಿರುಗುವುದಿಲ್ಲದಿದ್ದರೆ ಇಂಡಿಕೇಟರು ಯಾಕೆ ಹಾಕುತ್ತೀಯಾ ಎಂದು. ಹಿಂದಿನವರಿಗೆ ಗುಂಡಿ ಕಾಣುವುದಿಲ್ಲ, ನಾವು ಹೇಳಬೇಕು ಎಂದಿದ್ದ ಅಪ್ಪ. ಬೇರೆ ಯಾವ ಡ್ರೈವರೂ ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ. ಅಷ್ಟು ಹಳೆಯ ಪರಿಚಯದ ಬೆಳಕು ಅದು, ಕಣ್ಣ ಮುಂದೆಯೇ ಇದ್ದರೂ ಅವಳು ಅದನ್ನು ಗಮನಿಸಿರಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿ ಮನೆಗೆ ಬಂದಳು.

ಅಡುಗೆಮನೆಯಲ್ಲಿ ಅವ್ವ ನಾಳೆಯ ಬುತ್ತಿಗೆ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು. ಪಕ್ಕದಲ್ಲಿ ಎರಡು ಡಬ್ಬಿ. ಮಂಗಳವಾರ, ಶುಕ್ರವಾರ ಎರಡು ಡಬ್ಬಿ. ವರ್ಷದಿಂದ ಅದು ಹಾಗೇ ಇತ್ತು, ಅವಳು ಕೇಳಿಯೇ ಇರಲಿಲ್ಲ. ಈಗ ಕೇಳಿದಳು: ಗೇಟಿನಲ್ಲಿ ಚೀಟಿ ಬರೆಯುವವನಿಗೆ ಬೆಳಗಿನ ಐದು ಗಂಟೆಗೆ ಬುತ್ತಿ ಯಾಕೆ? ಅವ್ವ ಒನಕೆ ನಿಲ್ಲಿಸಿ ಅವಳ ಮುಖ ನೋಡಿದಳು, ಮತ್ತೆ ಕುಟ್ಟತೊಡಗಿದಳು. ಇನ್ನು ಕೇಳುವುದೇನೂ ಉಳಿದಿರಲಿಲ್ಲ.

ಸಂಜೆ ಓಬಳೇಶಪ್ಪ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತ. ತೇಜಾವತಿ ಪಕ್ಕದಲ್ಲಿ ಕೂತು, ಸುಮ್ಮನೆ ಮಾತಿಗೆಂಬಂತೆ ಕೇಳಿದಳು.

"ಅಪ್ಪ, ದಾವಣಗೆರೆ ದಾಟಿದ ಮೇಲೆ ಎರಡನೇ ಸೇತುವೆ ಹತ್ರ ರಸ್ತೆ ಇನ್ನೂ ಕಿತ್ತೋಗೇ ಐತಾ?"

"ಹೂಂ ಕಣವ್ವ, ಎಡಗಡೆ ಚಕ್ರ ಸೀದಾ..." ಎಂದವನು ಮಾತನ್ನು ಅಲ್ಲಿಗೇ ನಿಲ್ಲಿಸಿದ. ಕಟ್ಟೆಯ ಮೇಲಿನ ಟವೆಲು ತೆಗೆದುಕೊಂಡು ಒರೆಸಿದ ಮುಖವನ್ನೇ ಮತ್ತೆ ಒರೆಸಿದ.

ಅವಳಿಗೆ ಬೈಯಬೇಕು ಅನ್ನಿಸಿತ್ತು. ಮಾತು ಕೊಟ್ಟು ತಪ್ಪಿದೆಯಲ್ಲ ಎಂದು, ನನ್ನ ಹೆಸರು ಮಣ್ಣುಪಾಲು ಮಾಡಿದೆಯಲ್ಲ ಎಂದು. ಅವನ ಮುಖ ನೋಡಿ ಬೈಯಲಿಲ್ಲ. ಯಾಕಪ್ಪ ಎಂದಷ್ಟೇ ಕೇಳಿದಳು.

"ಹೋದ ವರ್ಷ ಶಿರಾ ಹತ್ರ ನಿನ್ನ ನೋಡ್ದೆ ಕಣವ್ವ," ಎಂದ ಅವನು. "ನಾನು ಬಸ್ಸಿನಾಗಿದ್ದೆ. ಅಷ್ಟು ದೊಡ್ಡ ಕಾರು ಕೆಟ್ಟು ನಿಂತಿತ್ತು. ನೀನು ರಸ್ತೆ ಬದಿ ಕಬ್ಬಿಣದ ಕಂಬಿ ಮೇಲೆ ಒಬ್ಳೇ ಕುಂತಿದ್ದೆ, ಬಿಸಿಲಾಗೆ. ಹೋಗೋ ಲಾರಿಯೋರೆಲ್ಲ ಹಾರ್ನ್ ಹೊಡ್ಕಂಡು ಹೋಗೋರು. ಮೂವತ್ತೆಂಟು ವರ್ಷದಾಗೆ ನಾನು ಒಂದು ದಿನ ದಾರೀಲಿ ನಿಂತೋನಲ್ಲ. ನನ್ನ ಮಗಳು ನಿಂತ್ಲಲ್ಲ ಅಂತ ಹೊಟ್ಟೆ ಉರೀತು."

ಲೋಡಿನ ಲಾರಿಯ ಹಿಂದೆ ಬರುವ ಗಾಡಿಗೆ ಎಣ್ಣೆ ಕಡಿಮೆ ಸಾಕು ಎಂಬುದು ಹಳೆಯ ಡ್ರೈವರುಗಳಿಗೆಲ್ಲ ಗೊತ್ತಿದ್ದದ್ದೇ. ಎಣ್ಣೆಗಾದದ್ದು ಕರೆಂಟಿಗೂ ಆಗುತ್ತದೆ ಎಂದು ಅವನ ಲೆಕ್ಕ. ಹುಬ್ಬಳ್ಳಿಯ ತನಕ ಎದುರು ಗಾಳಿಯನ್ನು ತಾನು ತೆಗೆದುಕೊಂಡರೆ ಮಗಳು ತುಮಕೂರಿನ ಹತ್ತಿರ ಮುಟ್ಟುತ್ತಾಳೆ, ಅಲ್ಲಿ ಹೋಟೆಲಿದೆ, ನೆರಳಿದೆ, ಜನ ಇದ್ದಾರೆ. ಶೈತ್ಯಾಗಾರದ ಮಾಲೀಕನನ್ನು ಕಾಡಿ ಬೇಡಿ ವಾರಕ್ಕೆರಡು ಲೋಡು ಕೇಳಿ ಪಡೆದಿದ್ದ. ತಾನೇ ಓಡುವ ಲಾರಿಯ ಯಂತ್ರವನ್ನು ಆಫ್ ಮಾಡಿ ತಾನೇ ಓಡಿಸುತ್ತಿದ್ದ, ಯಂತ್ರಕ್ಕೆ ಹಿಂದಿನವರ ಗುಂಡಿಯ ಚಿಂತೆ ಇಲ್ಲವಲ್ಲ.

"ನಿಲ್ಲೋದೇ ನನ್ನ ಕೆಲಸ ಅಪ್ಪ," ಎಂದಳು ತೇಜಾವತಿ. "ಎಲ್ಲಿ ನಿಲ್ಲುತ್ತೆ ಅಂತ ನೋಡೋಕೇ ನಾನು ಹೋಗೋದು."

ಓಬಳೇಶಪ್ಪ ಟವೆಲು ಮಡಿಸಿ ಪಕ್ಕಕ್ಕಿಟ್ಟ. ಆಮೇಲೆ, ಇದು ತನಗೆ ಮೊದಲು ತಿಳಿದಿರಲಿಲ್ಲ ಎಂದ. ಮೊನ್ನೆ ಊಟದ ಹೊತ್ತಿಗೆ ಸ್ವಲ್ಪ ತಿಳಿದಿತ್ತು, ಹೇಳಲು ಧೈರ್ಯ ಬರಲಿಲ್ಲ ಎಂದ. ಈಗ ಒಂದು ದಾರಿ ಇದೆ, ನಾಳೆಯಿಂದ ತಾನು ಹೋಗುವುದಿಲ್ಲ, ಆದದ್ದು ಆಯಿತು, ಅವಳ ಹೆಸರಿನ ಕಾರು ಊರೆಲ್ಲ ಓಡಲಿ ಎಂದ. ಪರೀಕ್ಷೆಯ ಗಾಡಿಗೆ ಬೇಕೆಂದೇ ನೆರವಾದ ಚಾಲಕನ ಲೈಸೆನ್ಸು ಹೋಗುತ್ತದೆ ಎಂಬ ನಿಯಮ ಇಬ್ಬರಿಗೂ ಗೊತ್ತಿತ್ತು. ಒಂದು ಕಪ್ಪು ಚುಕ್ಕೆ ಇಲ್ಲದ ಲೈಸೆನ್ಸು ಅದು, ದೇವರ ಫೋಟೋದ ಹಿಂದೆ ಇಡುತ್ತಿದ್ದ. ಅವಳ ಕೆಲಸಕ್ಕೂ ಕುತ್ತು ಬರಬಹುದಿತ್ತು. ತೇಜಾವತಿಗೆ ಒಂದು ಕ್ಷಣ ಹೂಂ ಎನ್ನಬೇಕು ಅನ್ನಿಸಿತು. ಅನ್ನಿಸಿತು ಎಂಬುದನ್ನು ಅವಳು ಆಮೇಲೂ ಮರೆಯಲಿಲ್ಲ.

"ನೀನು ನನ್ನ ಮುಂದೆ ಹೋದೆ ಅಪ್ಪ," ಎಂದಳು. "ಆ ಹನ್ನೊಂದು ಸಾವಿರ ಜನದ ಮುಂದೆ ಯಾರು ಹೋಗ್ತಾರೆ? ಎಲ್ಲರೂ ಶಿರಾ ಹತ್ರ ಕಂಬಿ ಮೇಲೆ ಕೂತ್ಕೋತಾರೆ, ಮಕ್ಕಳು ಮರಿ ಕಟ್ಕೊಂಡು."

ಮರುದಿನ ಬೆಳಿಗ್ಗೆ ಅವಳು ಎದ್ದಾಗ ಓಬಳೇಶಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ. ದೇವರ ಫೋಟೋದ ಹಿಂದೆ ಲೈಸೆನ್ಸು ಇರಲಿಲ್ಲ, ಜೇಬಿನಲ್ಲಿತ್ತು.

ಕೇಂದ್ರದ ಮುಖ್ಯಸ್ಥರು ಒಳ್ಳೆಯವರೇ, ಆದರೆ ೫೯೬ರ ಚೀಟಿಯ ಮಾದರಿ ಆಗಲೇ ಅವರ ಮೇಜಿನ ಮೇಲಿತ್ತು. ಅಪ್ಪ ಮಗಳು ಹೇಳಿದ್ದನ್ನೆಲ್ಲ ಕೇಳಿ, ಗಲ್ಲ ಉಜ್ಜಿಕೊಂಡು, ಅವರೊಂದು ಉಪಾಯ ತೆಗೆದರು. ನಿಜವಾದ ರಸ್ತೆಯಲ್ಲಿ ನಿಜವಾದ ಓಟ ಎಂದಲ್ಲವೇ ನಮ್ಮ ಹೆಸರು? ನಿಜವಾದ ರಸ್ತೆ ಎಂದ ಮೇಲೆ ಮುಂದೆ ಲಾರಿ ಇದ್ದೇ ಇರುತ್ತದೆ. ಅದರಲ್ಲಿ ತಪ್ಪೇನು? ಯಾರ ಹೆಸರೂ ಬೇಡ, ಯಾರ ಲೈಸೆನ್ಸೂ ಬೇಡ, ಹೀಗೇ ಬಿಟ್ಟುಬಿಡೋಣ ಎಂದರು. ಬಿಲ್ಕೀಸ್ ತೇಜಾವತಿಯ ಮುಖ ನೋಡಿದಳು. ತೇಜಾವತಿ ಬಾಯಿ ತೆರೆಯುವ ಮೊದಲೇ ಓಬಳೇಶಪ್ಪ ಲೈಸೆನ್ಸು ತೆಗೆದು ಆ ಚೀಟಿಯ ಮೇಲೆ ಇಟ್ಟ.

"ಸ್ವಾಮಿ, ಲಾರಿ ಎಲ್ಲರ ಮುಂದೂ ಇರ್ತಾವೆ," ಎಂದ. "ಅಪ್ಪ ಇರಲ್ಲ."

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅದೇ ಸರಿ ಎಂದು ಮುಖ್ಯಸ್ಥರು ಕೊನೆಗೆ ತಾವೇ ಹೇಳಿ ಮಾದರಿಯನ್ನು ಹರಿದರು. ಚೀಟಿಯಲ್ಲಿ ೫೫೧ ಎಂದು ಅಚ್ಚಾಯಿತು. ತೇಜಾವತಿಯ ಕಾಲು ಉಳಿದವರಿಗಿಂತ ಎಂಟು ಕಿಲೋಮೀಟರು ನಿಜವಾಗಿಯೂ ಹಗುರವಾಗಿತ್ತು, ಪಾದಲಿಪಿ ಅಷ್ಟಕ್ಕೇ ಉಳಿಯಿತು. ಮೂರು ತಿಂಗಳು ಅವಳು ಸ್ಟೇರಿಂಗ್ ಮುಟ್ಟುವಂತಿಲ್ಲ ಎಂದಾಯಿತು. ಓಬಳೇಶಪ್ಪನ ಲೈಸೆನ್ಸು ಹೋಯಿತು. ಕೊನೆಯ ವರದಿಯನ್ನು ತೇಜಾವತಿ ತಾನೇ ಬರೆದಳು, 'ಹೆಸರಿಲ್ಲದ ಕಾರಣ' ಎಂಬ ಸಾಲಿನಲ್ಲಿ ಅಪ್ಪನ ಹೆಸರು ತುಂಬಿದಳು. ಕೆಳಗೆ ಪಾದಲಿಪಿಗೆ ಒಂದು ಸಣ್ಣ ತಿದ್ದುಪಡಿ ಬೇಕೆಂದು ಕೋರಿಕೆ ಸೇರಿಸಿದಳು. ಬಿಲ್ಕೀಸ್ ಅದನ್ನು ಓದಿ, ಮೂಗು ಒರೆಸಿಕೊಂಡು, ಮೇಲಕ್ಕೆ ಕಳಿಸಿದಳು.

ಮೂರು ತಿಂಗಳು ಕಳೆದ ಮೇಲೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಓಡಿಸುವ ಪರೀಕ್ಷೆ ಬಂತು. ಯಾರನ್ನು ಕೂರಿಸಿಕೊಳ್ಳುತ್ತೀಯಾ ಎಂದು ಬಿಲ್ಕೀಸ್ ಕೇಳಲೂ ಇಲ್ಲ. ಗಂಗಮ್ಮ ಎರಡು ಡಬ್ಬಿ ಕಟ್ಟಿಕೊಟ್ಟಳು, ಈ ಸಲ ಒಂದೇ ಚೀಲದಲ್ಲಿ. ದಾರಿಯುದ್ದಕ್ಕೂ ಓಬಳೇಶಪ್ಪನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಹುಬ್ಬಳ್ಳಿ ನೋಡಿದರು, ತಿರುಗಿದರು, ಹಿರಿಯೂರು ದಾಟಿದರು. ಐನೂರ ನಲವತ್ತೆಂಟಕ್ಕೆ, ಶಿರಾದ ಹತ್ತಿರ, ಕಾರು ಅಂಚಿಗೆ ಸರಿದು ಸದ್ದಿಲ್ಲದೆ ನಿಂತಿತು.

"ಇಷ್ಟೇನಾ?" ಎಂದ ಓಬಳೇಶಪ್ಪ.

"ಇಷ್ಟೇ ಅಪ್ಪ."

ಜೀವಮಾನದಲ್ಲಿ ಮೊದಲ ಸಲ ಅವನು ಗಾಡಿ ನಿಂತುಹೋಗಿ ಹೆದ್ದಾರಿಯ ಬದಿಯಲ್ಲಿ ನಿಂತಿದ್ದ. ಸುತ್ತ ಒಮ್ಮೆ ನೋಡಿದ, ಅಂಗಿ ಸರಿಮಾಡಿಕೊಂಡ, ಬಂದು ಮಗಳ ಪಕ್ಕ ಕಬ್ಬಿಣದ ಕಂಬಿಯ ಮೇಲೆ ಕೂತ. ಡಬ್ಬಿ ಬಿಚ್ಚಿದರು. ಲಾರಿಯವರು ಹಾರ್ನ್ ಹೊಡೆದುಕೊಂಡು ಹೋದರು. ಹೊಡೆಯಲಿ ಬಿಡು ಎಂದ ಅವನು, ರೊಟ್ಟಿ ಮುರಿಯುತ್ತಾ.

ಆಗ ಒಂದು ಬಿಳಿ ಶರಭ ಅವರನ್ನು ದಾಟಿಕೊಂಡು ಹೋಯಿತು. ಯಾರದೋ ಕಾರು. ಒಳಗೆ ಒಂದು ಸಂಸಾರ, ಹಿಂದಿನ ಗಾಜಿಗೆ ಮುಖ ಒತ್ತಿಕೊಂಡ ಮಗು. ಸ್ವಲ್ಪ ಮುಂದೆ ರಸ್ತೆ ಕಿತ್ತುಹೋಗಿತ್ತು. ಅಲ್ಲಿಗೆ ಹೋಗುವ ಮೊದಲು ಆ ಕಾರಿನ ಎಡಗಡೆ ಇಂಡಿಕೇಟರು ಎರಡು ಸಲ ಮಿನುಗಿ ಆರಿತು. ಕಾರು ತಿರುಗಲಿ ಎಂದು ಕಾದ ಓಬಳೇಶಪ್ಪ, ಅದು ನೇರ ಹೋದದ್ದನ್ನು ಕಂಡು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ.

"ಯಾರವ್ವ ಆ ಡ್ರೈವರು? ನಮ್ಮ ಕಾಲದೋನು ಇರ್ಬೇಕು."

"ಡ್ರೈವರ್ ಯಾರೂ ಇಲ್ಲ ಅಪ್ಪ, ಕಾರೇ ಓಡ್ತಿರೋದು," ಎಂದಳು ತೇಜಾವತಿ. "ಕಾಲು ನಂದು. ಆ ದೀಪ ನಿಂದು. ಹನ್ನೊಂದು ಸಾವಿರ ಕಾರಿಗೂ ಹಾಕ್ಸಿದೀನಿ."

ಅವನ ಕಣ್ಣು ತುಂಬಿ ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ, ರಸ್ತೆಯನ್ನೇ ನೋಡುತ್ತಿದ್ದ. ಆ ಬಿಳಿ ಕಾರಿನ ಹಿಂದೆ ಜನ ತುಂಬಿದ ಒಂದು ಬಸ್ಸು ಬರುತ್ತಿತ್ತು. ದೀಪ ನೋಡಿ ಅದು ನಿಧಾನ ಮಾಡಿತು.